ಉಪ್ಪುಗಾಳಿಗೆ ನಿಲ್ಲೋ ಬೆಂಚು

ಮೇಷ್ಟ್ರು ಚಹಾದ ಲೋಟವನ್ನು ಇನ್ನೇನು ತುಟಿಗೆ ತಾಗಿಸಬೇಕು, ಅಷ್ಟರಲ್ಲಿ ಪಟ್ ಅಂತ ಸದ್ದಾಯಿತು. ಪ್ಲಾಸ್ಟಿಕ್ ಕುರ್ಚಿಯ ಹಿಂಗಾಲು ಮುರಿದು ಅವರು ಅಂಗಾತ ಬಿದ್ದರು. ಪಕ್ಕದ ಮೇಜಿನಲ್ಲಿದ್ದವರು ಮೊದಲು ನಕ್ಕರು. ಮೇಷ್ಟ್ರ ಬಲಗೈ ಮೈಯಡಿಗೆ ಸಿಕ್ಕಿ ಮಣಿಕಟ್ಟು ವಾರೆಯಾದದ್ದು ಕಂಡ ಮೇಲೆ ನಗು ಗಕ್ಕನೆ ನಿಂತಿತು.

ಹೋಟೆಲಿನ ಮನೆಯ ಹಿರಿಸೊಸೆ ಕೈಯಲ್ಲಿದ್ದ ತಟ್ಟೆಗಳನ್ನು ಸಿಕ್ಕಿದಲ್ಲಿ ಇಟ್ಟು ಓಡಿ ಬಂದಳು. ಅಡುಗೆಕೋಣೆಯಿಂದ ಅವಳ ಗಂಡ ಸೌಟು ಹಿಡಿದುಕೊಂಡೇ ಬಂದ. ಇಬ್ಬರೂ ಸೇರಿ ಮೇಷ್ಟ್ರನ್ನು ಎತ್ತಿ ಕೂರಿಸಲು ನೋಡಿದರು.

"ಎಲ್ಲಿ ಕೂರಿಸ್ತೀರಿ?" ಅಂದರು ಮೇಷ್ಟ್ರು, ಆ ನೋವಿನಲ್ಲೂ. "ಇನ್ನೊಂದು ಕುರ್ಚಿ ಮೇಲಾ? ಬೇಡ, ನನಗೆ ನೆಲವೇ ವಾಸಿ."

ಆಸ್ಪತ್ರೆಯಲ್ಲಿ ಮೂಳೆ ಬಿರುಕು ಬಿಟ್ಟಿದೆ ಅಂತ ಹೇಳಿ ಕೈಗೆ ಪಟ್ಟಿ ಕಟ್ಟಿ ಕಳಿಸಿದರು. ಮಾರನೆಯ ದಿನದಿಂದ ಮೇಷ್ಟ್ರು ಹೋಟೆಲಿನ ಕಡೆ ತಲೆ ಹಾಕಲಿಲ್ಲ. ಅವರ ಮಗ ಮಾತ್ರ ಬಂದು, ಅಂಗಳದ ನಡುವೆ ನಿಂತು, ಗಿರಾಕಿಗಳಿಗೆಲ್ಲ ಕೇಳಿಸುವ ಹಾಗೆ ಬೈದು ಹೋದ.

ಆ ಹೋಟೆಲು ಒಂದೇ ಮನೆಯವರ ದುಡಿಮೆ. ಮಹಡಿಯ ಮೇಲೆ ಮನೆ, ಕೆಳಗೆ ಅಡುಗೆಕೋಣೆ, ಮುಂದೆ ಅಂಗಳ. ಅಂಗಳದ ಅಂಚಿಗೆ ಗಿಡ್ಡ ಗೋಡೆ, ಅದರಾಚೆ ರಸ್ತೆ, ರಸ್ತೆ ದಾಟಿದರೆ ಸಮುದ್ರ. ಗಿರಾಕಿಗಳು ಬರುತ್ತಿದ್ದದ್ದು ಅರ್ಧ ಹುರಿದ ಮೀನಿಗೆ, ಅರ್ಧ ಆ ಅಂಗಳದ ಗಾಳಿಗೆ. ಹಿರಿಮಗನದು ಒಲೆ, ಅವನು ಮಾತಾಡುವುದಕ್ಕಿಂತ ಎಣ್ಣೆ ಮಾತಾಡುವುದೇ ಹೆಚ್ಚು. ಇನ್ನೂ ಮದುವೆಯಾಗದ ಕಿರಿಮಗ ಮೇಜುಗಳ ನಡುವೆ ಓಡಾಡಿಕೊಂಡು, ಬಂದವರ ಅರ್ಧ ಹೊಟ್ಟೆಯನ್ನು ಮಾತಿನಲ್ಲೇ ತುಂಬಿಸುತ್ತಿದ್ದ. ಬಡಿಸುವುದು, ಒರೆಸುವುದು, ತೊಳೆಯುವುದು ಹಿರಿಸೊಸೆಯ ಪಾಲು. ಅವಳ ಮಗಳು ಹೈಸ್ಕೂಲಿನ ಹುಡುಗಿ, ನಾಲಿಗೆಗೆ ಮೂಳೆಯಿಲ್ಲ. ಇವರೆಲ್ಲರ ಮೇಲೆ ಗಲ್ಲಾಪೆಟ್ಟಿಗೆಯ ಹಿಂದೆ ಅತ್ತೆ, ಸೊಂಟದಲ್ಲಿ ಬೀಗದ ಕೈ.

ಅತ್ತೆಯದು ಒಂದು ಕಾನೂನಿತ್ತು. ಅಂಗಡಿ ಮುಚ್ಚಿದ ಮೇಲೆ ಹೊರಗೆ ಒಂದು ಕಡ್ಡಿಯೂ ಇರಕೂಡದು. ಕುರ್ಚಿ, ಮೇಜು, ಸ್ಟೂಲು ಎಲ್ಲ ಒಳಗೆ ಬರಬೇಕು. ಬೆಳಿಗ್ಗೆ ಎಲ್ಲ ಮತ್ತೆ ಹೊರಗೆ ಹೋಗಬೇಕು. "ಒಳಗೆ ಬಂದದ್ದು ನಮ್ಮದು, ಹೊರಗೆ ಬಿಟ್ಟದ್ದು ಕಡಲಿಂದು" ಅನ್ನುತ್ತಿದ್ದಳು. ಮಕ್ಕಳು ಚಿಕ್ಕವರಿದ್ದಾಗ ಎದ್ದ ಒಂದು ಬಿರುಗಾಳಿ ಅಂಗಳವನ್ನು ಗುಡಿಸಿ ಹಾಕಿತ್ತು. ಮರದ ಬೆಂಚು, ಮೇಜು, ನೆರಳಿನ ತಟ್ಟಿ, ಏನೊಂದೂ ಉಳಿದಿರಲಿಲ್ಲ. ಕೂರಲು ಜಾಗವಿಲ್ಲದ ಹೋಟೆಲಿಗೆ ಯಾರು ಬರುತ್ತಾರೆ? ಗಂಡ ತಲೆ ಮೇಲೆ ಕೈ ಹೊತ್ತು ಕೂತಾಗ, ಅತ್ತೆಯೇ ಎರವಲು ಒಲೆಯಲ್ಲಿ ಚಹಾ ಕಾಸಿ, ನಿಂತು ಕುಡಿಯುವವರಿಗೆ ಮಾರಿ, ಮನೆ ಎತ್ತಿ ನಿಲ್ಲಿಸಿದ್ದಳು. ಆಮೇಲೆ ಕೊಂಡದ್ದೇ ಹಗುರ ಪ್ಲಾಸ್ಟಿಕ್ ಕುರ್ಚಿಗಳು, ಹೊರಲು ಸುಲಭ ಅಂತ. ಗಂಡ ಹೋದ ಮೇಲೂ ಅದೇ ಕಾನೂನು. ಈಗ ಮೊಣಕಾಲು ಹಿಡಿದುಕೊಂಡಿದ್ದರೂ ದಿನಾ ಎರಡು ಕುರ್ಚಿಯನ್ನಾದರೂ ತಾನೇ ಹೊತ್ತು ತರುತ್ತಿದ್ದಳು.

ಮೇಷ್ಟ್ರ ಮಗ ಬೈದು ಹೋದ ದಿನ ಊಟದ ಮೇಜಿನಲ್ಲಿ ಮಾತು ಎದ್ದಿತು.

"ಮುರಿದದ್ದು ಒಂದು. ಅಂಥದ್ದೇ ಒಂದು ತಂದ್ರೆ ಆಯ್ತು," ಅಂದಳು ಅತ್ತೆ.

ಹಿರಿಸೊಸೆ ಎದ್ದು ಹೋಗಿ, ಮುರಿದ ಕುರ್ಚಿಯ ಕಾಲನ್ನು ತಂದು, ಎಲ್ಲರ ಎದುರಿಗೆ ಎರಡು ಕೈಯಲ್ಲಿ ಹಿಡಿದು ಬಗ್ಗಿಸಿದಳು. ಅದು ಬಿಸ್ಕತ್ತಿನಂತೆ ತುಂಡಾಯಿತು.

"ಉಣ್ಣೋ ಮೇಜಿನ ಮೇಲೆ ಏನೇ ಅದು!"

"ನೋಡಿ ಅತ್ತೆ. ಬಿಸಿಲು ಇದರ ಜೀವ ತಿಂದಿದೆ. ಮಿಕ್ಕಿದ್ದೂ ಇದೇ ವಯಸ್ಸಿನವು. ಇವತ್ತು ಮೇಷ್ಟ್ರು, ನಾಳೆ ಇನ್ಯಾರ ಸೊಂಟ?"

ಅವಳ ಮೈದುನ, ಆ ಕಿರಿಮಗ, ಕಾಯುತ್ತಿದ್ದವನಂತೆ ಬಾಯಿ ಹಾಕಿದ. "ನಾನು ಯಾವತ್ತಿಂದ ಹೇಳ್ತಿದ್ದೀನಿ? ಪೇಟೆ ಷೋರೂಮಲ್ಲಿ ಕಬ್ಬಿಣದ ಸೆಟ್ ಬಂದಿದೆ. ಕಪ್ಪು ಬಣ್ಣ, ಬೆನ್ನಿಗೆ ಬಳ್ಳಿ ಬಳ್ಳಿ ಡಿಸೈನು. ಗಿರಾಕಿ ಕೂತ ಕೂಡಲೇ ಫೋಟೋ ತೆಗೆಸ್ಕೋಬೇಕು, ಹಾಗಿದೆ."

"ಕಬ್ಬಿಣನಾ? ಈ ಗಾಳಿಗಾ? ನಮ್ಮ ಗೇಟು ಏನಾಯ್ತು ಅಂತ ನೋಡಿಲ್ವಾ ನೀವು?"

"ಇದಕ್ಕೆ ಬಣ್ಣ ಬಳಿಯಲ್ಲ ಅತ್ತಿಗೆ, ಪುಡಿ ಎರಚಿ ಒಲೇಲಿ ಬೇಯಿಸ್ತಾರೆ. ತುಕ್ಕು ಹತ್ರಾನೂ ಸುಳಿಯಲ್ಲ."

"ಬೆಳ್ಳಗಿರೋದೆಲ್ಲ ಹಾಲಲ್ಲ ಚಿಕ್ಕಪ್ಪ," ಅಂದಳು ಮಗಳು.

"ಇದು ಕಪ್ಪಗಿದೆಯಮ್ಮ, ಧೈರ್ಯವಾಗಿ ಕುಡಿ."

ಹಿರಿಸೊಸೆ ನಗಲಿಲ್ಲ. ಅವಳ ತೌರಿನವರು ದೋಣಿ ಕಟ್ಟುವವರು. ಹಲಗೆಗಳ ವಾಸನೆಯಲ್ಲೇ ಬೆಳೆದವಳು. "ಮರದ್ದು ಮಾಡಿಸೋಣ," ಅಂದಳು. "ದೋಣಿಗೆ ಹಾಕೋ ಮರ. ಅದು ಉಪ್ಪುನೀರಲ್ಲೇ ಬಾಳೋದು. ನಮ್ಮಪ್ಪನ ಹತ್ರ ಇನ್ನೂ ಹಲಗೆ ಇವೆ."

"ಹೆತ್ತೋರಿಗೆ ಹೆಗ್ಗಣ ಮುದ್ದು, ಹೆಂಗಸಿಗೆ ತೌರಿನ ಕಟ್ಟಿಗೇನೂ ಮುದ್ದು," ಅಂದಳು ಅತ್ತೆ. "ಆ ಹಲಗೆ ಬೆಂಚನ್ನ ದಿನಾ ಯಾರು ಹೊರ್ತಾರೆ? ನಿಮ್ಮಪ್ಪ ಬರ್ತಾರಾ?"

"ಯಾರೂ ಹೊರೋದು ಬೇಡ. ಹೊರಗೇ ಇರಲಿ."

ಅತ್ತೆ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಹಾಕಿದಳು.

"ಏನಂದೆ?"

"ಅನ್ನ ಆರ್ತಿದೆ," ಅಂದ ಹಿರಿಮಗ. ಅವನು ಯಾವತ್ತೂ ಹಾಗೆಯೇ, ಅಡ್ಡಗೋಡೆಯ ಮೇಲೆ ದೀಪ ಇಡುವವ. "ಮೊದಲು ಊಟ ಮಾಡಿ."

ಊಟವಾಯಿತು. ಮಾತು ಆರಲಿಲ್ಲ.

ಹಿರಿಸೊಸೆ ಎರಡು ದಿನ ಬಿಟ್ಟು, ಒಂದು ಡಬ್ಬಿಯಲ್ಲಿ ಮೀನು ಹಾಕಿಕೊಂಡು ಮೇಷ್ಟ್ರ ಮನೆಗೆ ಹೋದಳು. ಅವರು ಕಿಟಕಿಯ ಹತ್ತಿರ ಕೂತು ಎಡಗೈಯಲ್ಲಿ ಪೇಪರಿನ ಹಾಳೆ ತಿರುಗಿಸಲು ಒದ್ದಾಡುತ್ತಿದ್ದರು.

"ಕೈ ಹೇಗಿದೆ ಮೇಷ್ಟ್ರೇ?"

"ಕೈ ಕೂಡಿಕೊಳ್ಳುತ್ತಮ್ಮ. ಆವತ್ತು ನಕ್ಕರಲ್ಲ, ಅದರಲ್ಲಿ ಇಬ್ಬರು ನನ್ನ ಕೈಲೇ ಕಲಿತೋರು. ಅವರ ಮುಂದೆ ಕಾಲು ಮೇಲೆ ಮಾಡಿ ಬಿದ್ದೆನಲ್ಲ, ಅದು ಕೂಡಿಕೊಳ್ಳೋಕೆ ಸ್ವಲ್ಪ ದಿನ ಬೇಕು." ಅವರು ನಗುವುದಕ್ಕೆ ನೋಡಿದರು. "ಈಗ ಮನೆ ಕುರ್ಚಿ ಮೇಲೆ ಕೂರುವಾಗ್ಲೂ ಕೈ ಊರಿ ನೋಡ್ತೀನಿ."

ಹಿರಿಸೊಸೆಗೆ ಮಗ ಬೈದದ್ದಕ್ಕಿಂತ ಇದು ಚುಚ್ಚಿತು. "ಇನ್ಮೇಲೆ ನಮ್ಮ ಅಂಗಳದಲ್ಲಿ ಯಾರೂ ಹಾಗೆ ಕೈ ಊರಿ ಕೂರಬಾರದು," ಅಂದಳು. "ಅದು ಆಗೋತನಕ ನಾನು ಬಿಡಲ್ಲ."

ಮನೆಗೆ ಬಂದವಳೇ, ಮಹಡಿಯ ಮೇಲಿನ ತಾರಸಿಯಲ್ಲಿ ಕಡಲಿಗೆ ಮುಖ ಮಾಡಿದ್ದ ಕಟ್ಟೆಗೆ ಒಂದು ಉದ್ದನೆಯ ಹಲಗೆಯನ್ನು ಬಿಗಿದಳು. ತೌರಿಗೆ ಹೋಗಿ ದೋಣಿಮರದ ತುಂಡು ತಂದಳು. ಪೆಟ್ಟಿಗೆ ಮಾಡುವ ಮಾಮೂಲಿ ಮರದ್ದು ಒಂದು ತುಂಡು, ಬೆತ್ತದ ಹೆಣಿಗೆಯ ಚೂರು, ಗುಜರಿಯಲ್ಲಿ ಸಿಕ್ಕ ಅಲ್ಯೂಮಿನಿಯಂ ಪೈಪು, ಎಲ್ಲವನ್ನೂ ಸಾಲಾಗಿ ಸ್ಕ್ರೂ ಹಾಕಿ ಕೂರಿಸಿದಳು. ಮೈದುನ ಷೋರೂಮಿಗೆ ಮುಂಗಡ ಕೊಟ್ಟು ಬಂದಿದ್ದ; ಅಲ್ಲಿಂದ ಬಣ್ಣ ಬೇಯಿಸಿದ ಕಬ್ಬಿಣದ ತುಂಡೊಂದನ್ನು ಕೇಳಿ ತಂದು ಎದೆಯುಬ್ಬಿಸಿ ಕೊಟ್ಟ.

"ಯಾರ ಮಾತೂ ಬೇಡ," ಅಂದಳು ಹಿರಿಸೊಸೆ. "ಗಾಳೀನೇ ಹೇಳಲಿ."

ಅತ್ತೆ ಮೆಟ್ಟಿಲು ಹತ್ತಿ ಬರಲಿಲ್ಲ. ಆದರೆ ಮೊಮ್ಮಗಳ ಕೈಯಲ್ಲಿ ಹೊಸ ಪ್ಲಾಸ್ಟಿಕ್ ಸ್ಟೂಲೊಂದನ್ನು ಮೇಲಕ್ಕೆ ಕಳಿಸಿದಳು. "ನಂದೂ ಒಂದಿರಲಿ ಅನ್ನು."

ಅಲ್ಲಿಂದ ಮುಂದೆ ಆ ಹುಡುಗಿಯದು ಹೊಸ ಚಾಕರಿ. ಶಾಲೆಯಿಂದ ಬರುವಾಗ ಬಾಟಲಿಯಲ್ಲಿ ಕಡಲ ನೀರು ತುಂಬಿಕೊಂಡು ಬಂದು ಆ ಸಾಲಿನ ಮೇಲೆಲ್ಲ ಸುರಿಯಬೇಕು. ಹಗಲು ಬಿಸಿಲು ಅದನ್ನು ಒಣಗಿಸಬೇಕು. ಒಂದು ದಿನ ಅವಳು ತನ್ನದೇ ತಲೆ ಓಡಿಸಿ, ಜ್ಯಾಮಿತಿ ಪೆಟ್ಟಿಗೆಯ ಕೈವಾರದ ಮೊನೆಯಿಂದ ಕಬ್ಬಿಣದ ತುಂಡಿನ ಮೇಲೆ ಒಂದು ಗೆರೆ ಎಳೆದಳು. ಮೈದುನ ಅದನ್ನು ನೋಡಿ ಮಹಡಿ ಹಾರಿಹೋಗುವಂತೆ ಕೂಗಾಡಿದ.

"ಇದು ಮೋಸ! ಕೆರೆದದ್ದು ಯಾಕೆ?"

"ಗಿರಾಕಿಗಳು ಕುರ್ಚಿ ಎಳೆಯಲ್ವಾ ಚಿಕ್ಕಪ್ಪ? ಕಾಲು ನೆಲಕ್ಕೆ ಉಜ್ಜಲ್ವಾ?"

"ಎತ್ತಿ ಇಡ್ತಾರೆ!"

"ನಮ್ಮ ಗಿರಾಕಿಗಳಾ?" ಅಂದಳು ಹುಡುಗಿ. ಕೆಳಗೆ ಅದೇ ಹೊತ್ತಿಗೆ ಯಾರೋ ಕುರ್ಚಿಯನ್ನು ಕರ್ರ್ ಅಂತ ಎಳೆದುಕೊಂಡರು.

ವಾರಗಳು ಕಳೆದವು. ಕೆಳಗೆ ಹಳೆಯ ಕುರ್ಚಿಗಳನ್ನೆಲ್ಲ ಹಿರಿಸೊಸೆ ಒಂದೊಂದಾಗಿ ಬಗ್ಗಿಸಿ ನೋಡಿ, ಕಿರುಗುಟ್ಟಿದ್ದನ್ನೆಲ್ಲ ಹಿತ್ತಲಿಗೆ ಹಾಕಿದ್ದಳು. ಕೂರುವ ಜಾಗ ಅರ್ಧವಾಗಿ ಗಿರಾಕಿಗಳೂ ಕಡಿಮೆಯಾದರು. ಅತ್ತೆ ಅದಕ್ಕೂ ಸಿಡುಕಿದಳು.

"ಇದ್ದ ಕುರ್ಚಿಯೂ ಹೋಯ್ತು, ಬರೋ ಕುರ್ಚಿಯೂ ಇಲ್ಲ. ಎತ್ತು ಏರಿಗೆ ಎಳೀತು, ಕೋಣ ನೀರಿಗೆ ಎಳೀತು ಅಂತ ನೀವಿಬ್ಬರೂ ಎಳೆದಾಡಿ. ನಾನು ಗಲ್ಲಾದಲ್ಲಿ ಕೂತು ನೊಣ ಹೊಡೀತೀನಿ."

"ಬಿದ್ದು ಕೈ ಮುರ್ಕೊಳ್ಳೋದಕ್ಕಿಂತ ನಿಂತು ಚಹಾ ಕುಡಿಯೋದು ಒಳ್ಳೇದು ಅತ್ತೆ."

"ನಿಂತು ಕುಡಿಸೋದು ನನಗೆ ಹೇಳಿಕೊಡ್ತೀಯಾ?"

ಹಿರಿಸೊಸೆ ಪಾತ್ರೆ ತಿಕ್ಕಿದಳು, ಬೇಕಾದ್ದಕ್ಕಿಂತ ಜೋರಾಗಿ.

ಮೊದಲು ಸೋತದ್ದು ಬೆತ್ತ. ಹೆಣಿಗೆ ಸಡಿಲಾಗಿ ಬೂಷ್ಟು ಹಿಡಿಯಿತು. ಪೆಟ್ಟಿಗೆ ಮರ ಬಿಲ್ಲಿನಂತೆ ಬಾಗಿತು. ಕಬ್ಬಿಣ ತುಂಬಾ ದಿನ ಮದುಮಗನಂತೆ ಮಿಂಚುತ್ತಿತ್ತು. ಆಮೇಲೆ ಹುಡುಗಿ ಎಳೆದ ಗೆರೆಯ ಎರಡೂ ಬದಿಗೆ ಬಣ್ಣ ಬೊಬ್ಬೆಯೆದ್ದಿತು. ಹಿರಿಸೊಸೆ ಉಗುರಲ್ಲಿ ಒಂದು ಬೊಬ್ಬೆ ಒಡೆದಳು. ಒಳಗೆಲ್ಲ ಕೆಂಪು ಪುಡಿ. ಅಲ್ಯೂಮಿನಿಯಂ ಮಂಕಾಗಿ ಮೈಮೇಲೆ ಬಿಳಿ ಬೂದಿ ಬಂದಿತ್ತು, ಒರೆಸಿದರೆ ಏನೂ ಆಗಿರಲಿಲ್ಲ. ಅತ್ತೆಯ ಸ್ಟೂಲು ಮಾತ್ರ ಹೊಸದರಂತೆಯೇ ಹೊಳೆಯುತ್ತಿತ್ತು.

ದೋಣಿಮರ? ಹಿರಿಸೊಸೆ ಅದನ್ನು ಕೊನೆಗೆ ನೋಡಿದಳು. ಸ್ಕ್ರೂ ಹಾಕಿದ ಜಾಗದಿಂದ ಉದ್ದಕ್ಕೆ ಸೀಳು ಬಿಟ್ಟಿತ್ತು. ಸೀಳಿನಿಂದ ಮಸಿಯಂಥ ಕಪ್ಪು ನೀರು ಇಳಿದು ಕಲೆಯಾಗಿತ್ತು.

ಮೈದುನ ಚಪ್ಪಾಳೆ ತಟ್ಟಿದ. "ಅಣ್ಣಾ, ಬಾ ಇಲ್ಲಿ! ಅತ್ತಿಗೆಯ ದೋಣಿ ಮುಳುಗ್ತು!"

ಹಿರಿಮಗ ಬಂದು ನೋಡಿ, ಹೆಂಡತಿಯ ಮುಖ ನೋಡಿ ಇಳಿದು ಹೋದ. ಅವಳು ಹಲಗೆಯ ಮುಂದೆ ಮೊಣಕಾಲೂರಿ ಕೂತೇ ಇದ್ದಳು. ತಾನು ಅಷ್ಟು ಜಂಬದಲ್ಲಿ ಹೇಳಿದ್ದು, ಅಪ್ಪನ ಹತ್ತಿರ ಕೇಳಿ ತಂದದ್ದು. ಕಣ್ಣು ತುಂಬಿತ್ತು, ಗಾಳಿಗೆ ಮುಖ ಮಾಡಿ ಒಣಗಿಸಿಕೊಂಡಳು.

ಆಗ ಮೆಟ್ಟಿಲ ಮೇಲೆ ನಿಧಾನದ ಹೆಜ್ಜೆ ಕೇಳಿಸಿತು. ಅತ್ತೆ, ಒಂದೊಂದು ಮೆಟ್ಟಿಲಿಗೂ ಮೊಣಕಾಲಿಗೆ ಬೈಯುತ್ತಾ, ಮೇಲೆ ಬಂದಳು. ಕೈಯಲ್ಲಿ ಮೀನು ಕೊಯ್ಯುವ ಚಾಕುವಿತ್ತು. ದೋಣಿಮರದ ಮೈಗೆ ಚಾಕುವಿನ ಮೊನೆ ಒತ್ತಿದಳು. ಇಳಿಯಲಿಲ್ಲ. ತುದಿಯಲ್ಲಿ ಒತ್ತಿದಳು. ಇಳಿಯಲಿಲ್ಲ. ಸ್ಕ್ರೂವಿನ ಪಕ್ಕಕ್ಕೆ ಒತ್ತಿದಳು. ಸ್ಕ್ರೂವಿನ ತಲೆಯೇ ಕಳಚಿ ಬಿತ್ತು.

"ಮರ ಸತ್ತಿಲ್ಲ," ಅಂದಳು. "ಮೊಳೆ ಸತ್ತಿದೆ. ಸಾಯ್ತಾ ಸಾಯ್ತಾ ಉಬ್ಬಿ ಮರಾನ ಸೀಳಿದೆ. ಇದಕ್ಕೆ ಯಾವುದು ಹಾಕಿದ್ದೆ?"

"ಮನೇಲಿದ್ದದ್ದೇ ಅತ್ತೆ. ಕಬ್ಬಿಣದ್ದು."

"ನಿಮ್ಮಪ್ಪ ದೋಣಿಗೆ ಅದನ್ನೇ ಹಾಕ್ತಾರಾ?"

ಹಿರಿಸೊಸೆ ಹಣೆ ಚಚ್ಚಿಕೊಂಡಳು. ಅಪ್ಪ ಅಂಥ ಸ್ಕ್ರೂವನ್ನು ಅಂಗಳದೊಳಗೂ ಬಿಟ್ಟುಕೊಳ್ಳುತ್ತಿರಲಿಲ್ಲ. ಮರ, ಮರ ಅಂತ ಹಾರಾಡಿ, ಅದನ್ನು ಹಿಡಿದು ನಿಲ್ಲಿಸುವುದನ್ನೇ ಮರೆತಿದ್ದಳು.

"ನೋಡು, ನನ್ನ ಸ್ಟೂಲು ಹೊಳೀತಿದೆ," ಅಂತ ಅತ್ತೆ ಇಳಿಯಲು ತಿರುಗಿದಳು.

"ಹಳೇ ಕುರ್ಚಿಗಳೂ ಒಂದು ಕಾಲದಲ್ಲಿ ಹೀಗೇ ಹೊಳೀತಿದ್ವು ಅಜ್ಜಿ," ಅಂದಳು ಮೊಮ್ಮಗಳು.

ಅತ್ತೆ ನಿಂತಳು. ಹುಡುಗಿಯ ಕಿವಿ ಹಿಂಡಿದಳು, ಮೆಲ್ಲಗೆ. ಬೈಯಲಿಲ್ಲ.

ಆ ಸಂಜೆ ಹಿರಿಸೊಸೆ ಸಾರು ಬಡಿಸುತ್ತಲೇ ಮಾತು ತೆಗೆದಳು. "ಗೋಡೆಯುದ್ದಕ್ಕೂ ಬೆಂಚು. ಕೂರೋ ಹಲಗೆ ದೋಣಿಮರದ್ದು, ಹಲಗೆ ಹಲಗೆ ನಡುವೆ ಬೆರಳು ತೂರುವಷ್ಟು ಸಂದು, ನೀರು ನಿಲ್ಲಬಾರದು. ಬಿಗಿಯೋದು ತುಕ್ಕು ಹಿಡಿಯದ ಸ್ಟೀಲ್ ಬೋಲ್ಟಿಂದ. ಮರದ ಕಾಲು ಬೇಡ. ಕಾಲೇ ಮೊದಲು ನೀರು ಕುಡಿದು ಕೊಳೆಯೋದು. ಕಾಲು ಕಾಂಕ್ರೀಟಿಂದು, ನೆಲದೊಳಗೆ ಇಳಿಸಿ."

"ಆಮೇಲೆ ಗಿರಾಕಿ ಸ್ನೇಹಿತನ ಪಕ್ಕ ಕೂರ್ಬೇಕು ಅಂದ್ರೆ?" ಮೈದುನ ಕೇಳಿದ. "ಗೋಡೇನ ಎಳ್ಕೊಂಡು ಬರ್ತಾನಾ? ಹೋಟೆಲ್ ಅಂದ್ರೆ ಬಸ್ ಸ್ಟಾಂಡಲ್ಲ ಅತ್ತಿಗೆ. ಕುರ್ಚಿ ಆ ಕಡೆ ಈ ಕಡೆ ಆಗ್ಬೇಕು."

ಅವನ ಮಾತಲ್ಲೂ ತೂಕವಿತ್ತು. ಹಿರಿಸೊಸೆ ಸ್ವಲ್ಪ ಯೋಚಿಸಿದಳು. "ಸರಿ. ಬೆಂಚಿನ ಎದುರಿಗೆ ಅಲ್ಯೂಮಿನಿಯಂ ಕುರ್ಚಿ ಇರಲಿ. ಹಗುರ, ಒಳಗೆ ತರಬಹುದು. ನಿಮ್ಮ ಮುಂಗಡ ಷೋರೂಮಲ್ಲಿ ಇದೆಯಲ್ಲ, ಕಬ್ಬಿಣದ ಬದಲು ಅದಕ್ಕೆ ತಿರುಗಿಸಿಬಿಡಿ. ನಿಮ್ಮ ಬಾಯಿಗೆ ಅದೇನು ದೊಡ್ಡದು?"

ಮೈದುನನ ಮುಖ ಅರಳಿತು. "ಅದು ನನಗೆ ಬಿಡಿ."

"ದುಡ್ಡು?" ಅಂದಳು ಅತ್ತೆ.

ಅಲ್ಲಿಗೆ ಮಾತು ತಲುಪಲೇಬೇಕಿತ್ತು. ಬಿರುಗಾಳಿಯ ಕಾಲ ಮುಗಿದ ಮೇಲಿನ ರಿಪೇರಿಗೆ ಅಂತ ಅತ್ತೆ ವರ್ಷವೂ ಒಂದಿಷ್ಟು ತೆಗೆದಿಡುತ್ತಿದ್ದಳು. ಅದನ್ನು ಯಾರೂ ಮುಟ್ಟುವ ಹಾಗಿರಲಿಲ್ಲ. ಹಿರಿಸೊಸೆ ತಟ್ಟೆ ಕೆಳಗಿಟ್ಟು, ಅತ್ತೆಯ ಮುಖ ನೋಡಿಯೇ ಹೇಳಿದಳು.

"ಕಡಲು ಹೊತ್ಕೊಂಡು ಹೋದ ಮೇಲೆ ಖರ್ಚು ಮಾಡೋ ದುಡ್ಡನ್ನ, ಹೊತ್ಕೊಂಡು ಹೋಗೋ ಮೊದಲೇ ಮಾಡೋಣ ಅತ್ತೆ. ಹೋಗದೇ ಇರೋ ಹಾಗೆ ಮಾಡೋಣ."

"ಹೋದ್ರೆ?"

"ಹೋದ್ರೆ ನಾನು ಎರವಲು ಒಲೇಲಿ ಚಹಾ ಕಾಸ್ತೀನಿ. ನೀವು ಮಾಡಿಲ್ವಾ?"

ಅತ್ತೆ ಎದ್ದು ಕೈ ತೊಳೆದುಕೊಂಡು ಹೋದಳು. ಮೂರು ನಾಲ್ಕು ದಿನ ಸೊಸೆಯ ಜತೆ ಮಾತಿಲ್ಲ. ಉಪ್ಪು ಬೇಕಾದರೂ ಮೊಮ್ಮಗಳನ್ನು ಕೇಳುತ್ತಿದ್ದಳು. ಒಂದು ಬೆಳಿಗ್ಗೆ ಹಿರಿಸೊಸೆ ಮೇಜು ಒರೆಸುತ್ತಿದ್ದಾಗ ಬೀಗದ ಕೈ ಅವಳ ಮುಂದೆ ಠಣ್ ಅಂತ ಬಿತ್ತು.

"ಮಾಡೋದಾದ್ರೆ ನೆಟ್ಟಗೆ ಮಾಡು. ಅರ್ಧಕ್ಕೆ ಕೈ ಬಿಟ್ರೆ ನಿನ್ನ ಕೈ ಮುರೀತೀನಿ."

"ಆಗ್ಲಿ ಅತ್ತೆ," ಅಂದಳು ಹಿರಿಸೊಸೆ. ಬೀಗದ ಕೈಯನ್ನು ಸೆರಗಿಗೆ ಕಟ್ಟಿಕೊಂಡಳು.

ಅಂಗಳದಲ್ಲಿ ಕೆಲಸ ಶುರುವಾಯಿತು. ಗಾರೆಯವನು ಕಾಂಕ್ರೀಟ್ ಕಾಲುಗಳಿಗೆ ಅಚ್ಚು ಹೊಡೆಯತೊಡಗಿದ. ಮೈದುನ ನೋಡಲು ಚೆನ್ನಾಗಿರುತ್ತೆ ಅಂತ ಸಪೂರ ಕಾಲಿನ ಚಿತ್ರ ಬರೆದು ತಂದಿದ್ದ. ಗಾರೆಯವನೂ ಸರಿ ಅಂದಿದ್ದ. ಹಿರಿಸೊಸೆ ಒಪ್ಪಲಿಲ್ಲ.

"ಒಳಗಿನ ಸರಳಿಗೆ ಉಪ್ಪು ತಾಗಿದ್ರೆ ಅದೂ ಆ ಸ್ಕ್ರೂ ಥರಾನೇ ಉಬ್ಬುತ್ತೆ. ಸರಳಿನ ಮೇಲೆ ದಪ್ಪಗೆ ಕಾಂಕ್ರೀಟ್ ಇರ್ಬೇಕು."

"ಆನೆ ಕಾಲಿದ್ದ ಹಾಗಿರುತ್ತೆ ಅತ್ತಿಗೆ!"

"ಇರಲಿ. ಆನೆ ಬಿದ್ದದ್ದು ನೋಡಿದ್ದೀರಾ?"

ಮೈದುನ ಗೊಣಗಿಕೊಂಡೇ ಅಚ್ಚು ಅಗಲ ಮಾಡಲು ಕೈ ಹಾಕಿದ. ಷೋರೂಮಿನವನ ಹತ್ತಿರ ಮೂರು ಸಲ ಚಹಾ ಕುಡಿದು, ನಾಲ್ಕನೆಯ ಸಲ ಜಗಳವಾಡಿ, ಮುಂಗಡವನ್ನು ಅಲ್ಯೂಮಿನಿಯಂ ಕುರ್ಚಿಗೆ ತಿರುಗಿಸಿಕೊಂಡು ಬಂದಿದ್ದ. ಬರುವಾಗ ಬೋಲ್ಟುಗಳನ್ನೂ ತಂದಿದ್ದ. ಹಲಗೆ ತಂದಿಳಿಸಿದ್ದ ಹಿರಿಸೊಸೆಯ ಅಪ್ಪ ಅವನ್ನು ಕೈಯಲ್ಲಿ ತೂಗಿ ನೋಡಿ, "ಇವನ್ನ ಆರಿಸಿದ್ದು ಯಾರು? ಕಣ್ಣಿದೆ," ಅಂದಾಗ ಮೈದುನ ಆ ಮಾತನ್ನು ಊರಿಗೆಲ್ಲ ಹೇಳಿಕೊಂಡು ಬಂದ.

ಎರಕ ಹೊಯ್ದ ಕಾಂಕ್ರೀಟ್ ಕಾಲುಗಳು ಗಟ್ಟಿಯಾಗಲು ಗೋಣಿಚೀಲ ಸುತ್ತಿ ದಿನಾ ನೀರು ಹಾಕಬೇಕಿತ್ತು. ಹಿರಿಸೊಸೆ ಬೆಳಿಗ್ಗೆ ಕೊಡ ಹಿಡಿದು ಹೋದರೆ ಗೋಣಿ ಆಗಲೇ ತೊಯ್ದಿರುತ್ತಿತ್ತು. ಗಂಡನೋ, ಮಗಳೋ ಹಾಕಿರಬೇಕು ಅಂದುಕೊಂಡಳು. ಒಂದು ದಿನ ಬೇಗ ಎದ್ದು ನೋಡಿದರೆ, ಅತ್ತೆ ಒಂದು ಕೈಯಲ್ಲಿ ಸೊಂಟ ಹಿಡಿದು, ಇನ್ನೊಂದು ಕೈಯಲ್ಲಿ ಚೊಂಬು ಹಿಡಿದು, ಕಾಲಿಂದ ಕಾಲಿಗೆ ಹೋಗಿ ನೀರು ಸುರಿಯುತ್ತಿದ್ದಳು.

"ನಾನು ಹಾಕ್ತಿದ್ನಲ್ಲ ಅತ್ತೆ."

"ನೀನು ಹಾಕೋದು ಕೋಳಿಗೆ ನೀರು ಹಾಕಿದ ಹಾಗೆ. ಬುಡಕ್ಕೆ ಹೋಗ್ಬೇಕು. ಹೋಗು, ಒಲೆ ನೋಡು."

ಹಲಗೆ ಕೂರಿಸಿ, ಎಣ್ಣೆ ಕುಡಿಸಿ, ಬೋಲ್ಟು ಬಿಗಿದ ದಿನ ಹಿರಿಸೊಸೆ ಯಾರನ್ನೂ ಬೆಂಚಿನ ಮೇಲೆ ಕೂರಗೊಡಲಿಲ್ಲ. ಮಗಳನ್ನು ಮೇಷ್ಟ್ರ ಮನೆಗೆ ಓಡಿಸಿದಳು. ಮೇಷ್ಟ್ರು ಬಂದರು. ಕೈಯ ಪಟ್ಟಿ ಬಿಚ್ಚಿತ್ತು. ಬೆಂಚನ್ನು ಸುತ್ತಿ ನೋಡಿದರು, ಬಗ್ಗಿ ಅಡಿಗೆ ನೋಡಿದರು, ಅಭ್ಯಾಸದಂತೆ ಕೈ ಊರಿದರು. ಆಮೇಲೆ ಕೈ ತೆಗೆದು ಧೊಪ್ಪನೆ ಕೂತರು.

"ಪಾಸು," ಅಂದರು. "ಇನ್ನೊಮ್ಮೆ ಪರೀಕ್ಷೆ ಮಾಡ್ಬೇಕು. ಒಂದು ಚಹಾ ತನ್ನಿ."

ಗಿರಾಕಿಗಳು ಮತ್ತೆ ತುಂಬಿಕೊಂಡರು. ಅಂಗಡಿ ಮುಚ್ಚಿದ ಮೇಲೆ ಒಳಗೆ ಹೊರಲು ಈಗ ಇದ್ದದ್ದು ಬರೀ ಹಗುರ ಕುರ್ಚಿಗಳು, ಮಡಚುವ ಮೇಜುಗಳು. ಕೆಲಸ ಬೇಗ ಮುಗಿಯುತ್ತಿತ್ತು. ಆದರೂ ಅತ್ತೆ ಬಾಗಿಲು ಹಾಕುವ ಮೊದಲು ಒಂದು ಸಲ ಹೊರಗೆ ಬಂದು ಬೆಂಚುಗಳನ್ನು ನೋಡುತ್ತಿದ್ದಳು. ಮುಖದಲ್ಲಿ, ದನ ಕೊಟ್ಟಿಗೆಗೆ ಬಾರದೆ ಹೊರಗೇ ಉಳಿದವರ ಕಳವಳ.

ಬಿರುಗಾಳಿ ಬಂದದ್ದು ಒಂದು ಮಧ್ಯಾಹ್ನ. ರೇಡಿಯೋದಲ್ಲಿ ಬೆಳಿಗ್ಗೆಯಿಂದಲೇ ಹೇಳುತ್ತಿದ್ದರು. ಊಟದ ಗಿರಾಕಿಗಳನ್ನು ಕಳಿಸಿ, ಕುರ್ಚಿ ಮೇಜು ಒಳಗೆ ತಂದು, ಕಿಟಕಿಗಳಿಗೆ ಹಲಗೆ ಅಡ್ಡ ಹಾಕಿದರು. ಆಕಾಶ ಮಸಿಯಾಯಿತು. ಅತ್ತೆ ಬಾಗಿಲಲ್ಲಿ ನಿಂತವಳು ಒಳಗೆ ಬರಲೊಲ್ಲಳು.

"ಆ ಹಲಗೆಗಳನ್ನಾದ್ರೂ ಬಿಚ್ಚಿ ತನ್ನಿ!"

"ಈಗ ಆಗಲ್ಲ ಅತ್ತೆ, ಒಳಗೆ ಬನ್ನಿ."

"ಒಂದಾದ್ರೂ ಬಿಚ್ಚೋ!" ಅಂತ ಕಿರಿಮಗನನ್ನು ತಳ್ಳಿದಳು. "ಮೊದಲ ಸಲಾನೂ ಹೀಗೇ ಅಂದ್ರು ನಿಮ್ಮಪ್ಪ. ಏನಾಗಲ್ಲ, ಬಾ ಅಂದ್ರು."

ಅವಳ ದನಿ ಒಡೆದಿತ್ತು. ಯಾರೂ ಅದನ್ನು ಹಾಗೆ ಕೇಳಿರಲಿಲ್ಲ. ಮೈದುನ ಬೋಲ್ಟು ಬಿಚ್ಚುವ ಪಾನಾ ಹುಡುಕಲು ತಿರುಗಿದ. ಹಿರಿಸೊಸೆ ಅವನನ್ನು ತಡೆದು, ಅತ್ತೆಯ ತೋಳು ಹಿಡಿದಳು. ಹಿಂದೆ ಎಂದೂ ಹಾಗೆ ಹಿಡಿದವಳಲ್ಲ.

"ಅದನ್ನ ಗಟ್ಟಿ ಮಾಡಿದ್ದು ನಾನೊಬ್ಬಳೇ ಅಲ್ಲ ಅತ್ತೆ. ನೀವು ನೀರು ಹಾಕಿದ್ದೀರಿ. ಬನ್ನಿ."

ಬಾಗಿಲು ಹಾಕಿದರು. ಹಿರಿಮಗ ಇದ್ದ ಅನ್ನಕ್ಕೆ ಮೊಟ್ಟೆ ಒಡೆದು ಹಾಕಿ ಕಲಸಿ ಎಲ್ಲರಿಗೂ ಕೊಟ್ಟ. ತಿನ್ನುವ ಮನಸ್ಸು ಯಾರಿಗೂ ಇರಲಿಲ್ಲ, ಆದರೂ ತಿಂದರು. ಹೊರಗೆ ತಗಡು ಹಾರುವ ಸದ್ದು, ಏನೋ ಉರುಳುವ ಸದ್ದು, ಕಡಲು ರಸ್ತೆ ದಾಟಿ ಬಂದು ಗೋಡೆಗೆ ಅಪ್ಪಳಿಸುವ ಸದ್ದು. ಒಂದೊಂದು ಸದ್ದಿಗೂ ಅತ್ತೆ ಕಣ್ಣು ಮುಚ್ಚುತ್ತಿದ್ದಳು. ಬಾಗಿಲ ಸಂದಿಯಿಂದ ನೀರು ಒಳಗೆ ಬಂತು. ಹಿರಿಸೊಸೆ, ಮಗಳು ಗೋಣಿ ಒತ್ತಿ ಹಿಡಿದರು; ಹಿಂಡಿ, ಮತ್ತೆ ಒತ್ತಿದರು.

ಸಂಜೆಗೆ ಗಾಳಿ ಬಿದ್ದಿತು. ಬಾಗಿಲು ತೆಗೆಯಲು ಎಲ್ಲರೂ ಹಿಂದೆಮುಂದೆ ನೋಡಿದರು. ಅತ್ತೆಯೇ ಅಗಳಿ ಎಳೆದಳು.

ಗೇಟು ಇರಲಿಲ್ಲ. ಮೈದುನ ಆಸೆಪಟ್ಟು ಬರೆಸಿದ್ದ ಬೋರ್ಡು ರಸ್ತೆಯಲ್ಲಿ ಮಕಾಡೆ ಬಿದ್ದಿತ್ತು. ಅಂಗಳದ ತುಂಬ ಮರಳು, ಕಸ, ಯಾರದೋ ಮನೆಯ ಒಂದು ಚಪ್ಪಲಿ. ಗೋಡೆಯ ಒಂದು ಮೂಲೆ ಕುಸಿದಿತ್ತು. ಬೆಂಚುಗಳು ಇದ್ದವು. ಕುಸಿದ ಮೂಲೆಯ ಬೆಂಚಿನ ಬುಡದ ಮಣ್ಣು ಕೊಚ್ಚಿಹೋಗಿ, ಅದೊಂದು ಸ್ವಲ್ಪ ವಾಲಿತ್ತು. ಉಳಿದವು ಇಟ್ಟಲ್ಲೇ ನಿಂತು, ಹಲಗೆಗಳ ಸಂದಿನಿಂದ ನೀರು ತೊಟ್ಟಿಕ್ಕಿಸುತ್ತಿದ್ದವು.

ಯಾರೂ ಕುಣಿಯಲಿಲ್ಲ. ಮೈದುನ ಒಂದು ಬೋಲ್ಟನ್ನು ಹಿಡಿದು ಅಲ್ಲಾಡಿಸಿ ನೋಡಿ, "ಕಣ್ಣಿದೆ ಅಂದಿದ್ರು," ಅಂತ ತನಗೇ ಹೇಳಿಕೊಂಡ. ಹಿರಿಸೊಸೆ ವಾಲಿದ ಬೆಂಚಿನ ಬುಡಕ್ಕೆ ಕೈ ಹಾಕಿ ನೋಡಿ, "ಇಲ್ಲಿ ಕಲ್ಲು ತುಂಬಬೇಕಿತ್ತು. ನಾಳೆ ಗಾರೆಯವನನ್ನ ಕರೀಬೇಕು," ಅಂದಳು. ಅತ್ತೆ ಒಳಗೆ ಹೋಗಿ ಪೊರಕೆ ತಂದು, ಸೀರೆ ಎತ್ತಿ ಕಟ್ಟಿ, ಬೆಂಚಿನ ಮೇಲಿನ ಮರಳನ್ನು ಗುಡಿಸತೊಡಗಿದಳು. ಹಿರಿಸೊಸೆ ಇನ್ನೊಂದು ಕಡೆಯಿಂದ ಗುಡಿಸುತ್ತಾ ಬಂದಳು. ನಡುವಿನ ಬೆಂಚಿನಲ್ಲಿ ಎರಡು ಪೊರಕೆಗಳೂ ತಾಗಿದಾಗ ಇಬ್ಬರೂ ಒಟ್ಟಿಗೆ ಸೊಂಟ ನೆಟ್ಟಗೆ ಮಾಡಿಕೊಂಡರು.

ಆಗ ರಸ್ತೆಯಲ್ಲಿ ಒಂದು ಲಾರಿ ನಿಂತಿತು. ಎಲ್ಲೋ ದಾರಿ ಕಟ್ಟಾಗಿ ಸಿಕ್ಕಿಕೊಂಡಿದ್ದ ಡ್ರೈವರು, ತಲೆಯಿಂದ ಕಾಲಿನವರೆಗೆ ನೆನೆದು, ಇಳಿದು ಬಂದ. ಪಕ್ಕದ ಸಾಲಿನ ಅಂಗಡಿಗಳನ್ನು ನೋಡಿದ. ಅಲ್ಲಿ ಬರೀ ಕಂಬಗಳು ನಿಂತಿದ್ದವು. ಈ ಕಡೆ ತಿರುಗಿದ.

"ಅಮ್ಮ, ಕೂರೋಕೆ ಒಂಚೂರು ಜಾಗ ಇದೆಯಾ?"

ಅತ್ತೆ ಸೊಸೆಯ ಮುಖ ನೋಡಿದಳು. ಸೆರಗಿನ ತುದಿಯಿಂದ ಬೆಂಚಿನ ಮೇಲಿನ ನೀರು ಒರೆಸಿದಳು.

"ಅದಕ್ಕೇನಪ್ಪ ಕಮ್ಮಿ, ಬಾ ಕೂತ್ಕೊ," ಅಂದಳು. ಆಮೇಲೆ ಒಳಗಿನ ಕಡೆ ತಿರುಗಿ ಹಿರಿಮಗನಿಗೆ ಕೇಳುವಂತೆ ಕೂಗಿದಳು: "ಏನು ನೋಡ್ತಾ ನಿಂತೆ? ಒಲೆ ಹಚ್ಚೋ!"